ಸಾಹಿತ್ಯ ಸಂಸ್ಥೆಗಳ ಪಾರಿತೋಷಕವೂ ಲೇಖಕನ ಹಸ್ತಪ್ರತಿಯೂ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂಬ ನಾಲ್ಕು ತಾಲೂಕುಗಳು ಕನ್ನಡ ಸಾಹಿತ್ಯಕ್ಕೆ ಸಲ್ಲಿಸಿದುದನ್ನು ಎಣಿಸಹೊರಟವರು ಸಾಮಾನ್ಯವಾಗಿ ನಾಲ್ಕು ಹೆಸರುಗಳಲ್ಲಿ ನಿಲ್ಲುತ್ತಾರೆ: ಶಿಗ್ಗಾಂವಿ ತಾಲೂಕಿನ ಬಾಡದ ಕನಕದಾಸರು, ಅದೇ ತಾಲೂಕಿನ ಶಿಶುವಿನಹಾಳದ ಶರೀಫರು, ಹಿರೇಕೆರೂರು ಸೀಮೆಯ ಸರ್ವಜ್ಞ, ಸವಣೂರಿನ ವಿನಾಯಕ ಕೃಷ್ಣ ಗೋಕಾಕರು. ಇವರಲ್ಲಿ ಮೊದಲ ಮೂವರು ಪಾರಿತೋಷಕವೆಂಬ ಮಾತನ್ನೇ ಅರಿಯದವರು; ನಾಲ್ಕನೆಯವರಿಗೆ ದೇಶದ ಅತ್ಯುನ್ನತ ಸಾಹಿತ್ಯ ಪಾರಿತೋಷಕವೇ ದೊರೆಯಿತು. ಈ ವ್ಯತ್ಯಾಸವನ್ನು ಕಾಲಮಾನದ ವ್ಯತ್ಯಾಸವೆಂದು ಹೇಳಿ ಮುಗಿಸುವುದು ಸುಲಭ. ಆದರೆ ಇತಿಹಾಸವನ್ನು ಓದುವ ನಮಗೆ ಬೇರೊಂದು ಪ್ರಶ್ನೆ ಹೆಚ್ಚು ಮುಖ್ಯವಾಗಿ ತೋರುತ್ತದೆ. ಲೇಖಕನ ಬಾಳಿನಲ್ಲಿ, ಅಥವಾ ಒಂದು ಕೃತಿಯ ಹುಟ್ಟಿನಲ್ಲಿ, ಸಂಸ್ಥೆಯ ನೆರವು ಯಾವ ಘಟ್ಟದಲ್ಲಿ ಬಂದು ಸೇರುತ್ತದೆ? ಬರೆಯುವ ಮೊದಲೋ, ಬರೆಯುತ್ತಿರುವಾಗಲೋ, ಬರೆದು ಅಚ್ಚುಮಾಡಿ ಸಾಲ ತೀರಿಸಿದ ಮೇಲೋ? ಪ್ರಕೃತ ಲೇಖನದಲ್ಲಿ ಈ ಒಂದು ಪ್ರಶ್ನೆಯನ್ನು ಹಿಡಿದು ಬಹುಮಾನ, ವೇತನ, ಕಮ್ಮಟಗಳೆಂಬ ಮೂರು ಬಗೆಯ ಪೋಷಣೆಯನ್ನು ಪರಿಶೀಲಿಸಲು ಯತ್ನಿಸಿದ್ದೇವೆ.

ಹಿರೇಕೆರೂರಿನ ನೆರೆಯ ಶಿಕಾರಿಪುರ ತಾಲೂಕಿನಲ್ಲಿ ಬಳ್ಳಿಗಾವೆಯಿದೆ. ಅಲ್ಲಿಯ ಕೋಡಿಮಠಕ್ಕೆ ಸಂಬಂಧಿಸಿದ 1162ರ ಶಾಸನವು ನಮ್ಮ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ವ್ಯಾಕರಣಗಳ, ದರ್ಶನಗಳ, ಪುರಾಣಗಳ, ಕಾವ್ಯನಾಟಕಗಳ ವ್ಯಾಖ್ಯಾನ ನಡೆಯುವ ಸ್ಥಾನವೆಂದು ಅದು ಮಠವನ್ನು ವರ್ಣಿಸುತ್ತದೆ. ಅದೇ ಉಸಿರಿನಲ್ಲಿ ದೀನರಿಗೆ, ಕುರುಡರಿಗೆ, ಕಿವುಡರಿಗೆ, ಹಾಡುವವರಿಗೆ, ಬಾರಿಸುವವರಿಗೆ ಅನ್ನ ದೊರೆಯುವ ಸ್ಥಾನವೆಂದೂ, ರೋಗಿಗಳಿಗೆ ಔಷಧ ದೊರೆಯುವ ಸ್ಥಾನವೆಂದೂ ಹೇಳುತ್ತದೆ. ಶಾಸನದ ಹೊಗಳಿಕೆಯಲ್ಲಿ ಅತಿಶಯವಿದ್ದೀತು. ಆದರೂ ದಾನದ ಸ್ವರೂಪ ಸ್ಪಷ್ಟವಾಗಿದೆ. ದಾನಿಯು ದಾನವನ್ನು ಕೊಟ್ಟುದು ಮುಗಿದ ಗ್ರಂಥಕ್ಕಲ್ಲ, ಗ್ರಂಥ ಹುಟ್ಟುವ ಸ್ಥಳಕ್ಕೆ, ಓದುವವನ ಊಟಕ್ಕೆ. ವರ್ಷವರ್ಷವೂ ಬೆಳೆ ಬರುವ ಭೂಮಿಯನ್ನು ಬಿಟ್ಟುದರಿಂದ ಆ ನೆರವು ಒಂದು ದಿನದ ಸಮಾರಂಭದಲ್ಲಿ ತೀರಿಹೋಗುವಂತಿರಲಿಲ್ಲ. ಈ ಏರ್ಪಾಟಿನಲ್ಲಿ ಯಾರಿಗೆ ಪ್ರವೇಶವಿತ್ತು, ಯಾರಿಗೆ ಇರಲಿಲ್ಲ ಎಂಬುದು ದೊಡ್ಡ ಪ್ರಶ್ನೆಯೇ ಸರಿ. ಅದನ್ನು ಮರೆತು ಹಳೆಯದನ್ನು ಹೊಗಳುವುದು ನಮ್ಮ ಉದ್ದೇಶವಲ್ಲ.

ಆಧುನಿಕ ಕಾಲಕ್ಕೆ ಬಂದರೆ, ಈ ಭಾಗಕ್ಕೆ ಸಂಬಂಧಿಸಿದಂತೆ ಎಲ್ಲವೂ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಿಂದ ಆರಂಭವಾಗುತ್ತದೆ. ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ 1890ರ ಜುಲೈ 20ರಂದು ಹುಟ್ಟಿದ ಈ ಸಂಘ, ಮರಾಠಿಯ ಪ್ರಾಬಲ್ಯವಿದ್ದ ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳಲ್ಲಿ ಕನ್ನಡ ಗ್ರಂಥಗಳನ್ನು ಬರೆಯಿಸುವ, ಬರೆದವರನ್ನು ಪುರಸ್ಕರಿಸುವ ಕಾರ್ಯವನ್ನು ಕೈಗೊಂಡಿತು. 1896ರಿಂದ 'ವಾಗ್ಭೂಷಣ' ಪತ್ರಿಕೆಯನ್ನೂ ನಡೆಸಿತು. 'ಬರೆಯಿಸುವ' ಎಂಬ ಮಾತನ್ನು ನಾವು ಬೇಕೆಂದೇ ಬಳಸಿದ್ದೇವೆ. ಆಗ ಪುರಸ್ಕರಿಸುವುದಕ್ಕೆ ಪುಸ್ತಕಗಳೇ ಸಾಕಷ್ಟು ಇರಲಿಲ್ಲ. ಆದಕಾರಣ ಪಾರಿತೋಷಕವು ಕೃತಿಯನ್ನು ಹಿಂಬಾಲಿಸದೆ ಕೃತಿಯನ್ನು ಕರೆಯಬೇಕಾಗಿತ್ತು.

ಹಾಗೆ ಕರೆದಾಗ ಬಂದವರಲ್ಲಿ ಒಬ್ಬರು ಗಳಗನಾಥರು. ಹಾವೇರಿ ತಾಲೂಕಿನ ಗಳಗನಾಥ ಗ್ರಾಮದ ಹೆಸರನ್ನೇ ತಮ್ಮ ಹೆಸರಾಗಿ ಮಾಡಿಕೊಂಡ ವೆಂಕಟೇಶ ತಿರಕೋ ಕುಲಕರ್ಣಿಯವರು 1869ರಲ್ಲಿ ಜನಿಸಿದವರು, ವೃತ್ತಿಯಿಂದ ಶಾಲಾಮಾಸ್ತರರು. 1898ರಲ್ಲಿ ಸಂಘದ ಸ್ಪರ್ಧೆಯಲ್ಲಿ ಅವರ ಮೊದಲ ಕಾದಂಬರಿ 'ಪ್ರಬುದ್ಧ ಪದ್ಮನಯನೆ'ಗೆ ಬಹುಮಾನ ಬಂದಿತು. ಆಗ ಅವರಿಗೆ ಇಪ್ಪತ್ತೊಂಬತ್ತು ವರ್ಷ. ಮುಂದೆ ಅವರು ಅಗಡಿಯ ಆನಂದವನದಿಂದ 'ಸದ್ಬೋಧ ಚಂದ್ರಿಕೆ'ಯನ್ನು ನಡೆಸಿದುದೂ, ಕಾದಂಬರಿಯ ಮೇಲೆ ಕಾದಂಬರಿ ಬರೆದು ಉತ್ತರ ಕರ್ನಾಟಕದಲ್ಲಿ ಓದುವ ವರ್ಗವನ್ನೇ ನಿರ್ಮಿಸಿದುದೂ ತಿಳಿದ ಸಂಗತಿ. ಮೊದಲ ಪಾರಿತೋಷಕ ಇಲ್ಲದಿದ್ದರೆ ಇದೆಲ್ಲ ಆಗುತ್ತಿರಲಿಲ್ಲವೆಂದು ಹೇಳುವುದು ಇತಿಹಾಸಕಾರನಿಗೆ ಒಪ್ಪುವ ಮಾತಲ್ಲ. ಆದರೆ ಹೆಸರಿಲ್ಲದ ಮಾಸ್ತರನೊಬ್ಬನ ಬರಹವನ್ನು ತಿಳಿದವರು ಕುಳಿತು ಓದಿ, ಇದು ಯೋಗ್ಯವೆಂದು ಹೇಳಿದರು ಎಂಬುದು ಸಣ್ಣ ಸಂಗತಿಯೂ ಅಲ್ಲ. ಅದೇ ಗಳಗನಾಥರು ತಮ್ಮ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರೆಂಬುದನ್ನೂ ಇದರ ಪಕ್ಕದಲ್ಲಿಯೇ ಇರಿಸಿ ನೋಡಬೇಕು. ಬಹುಮಾನ ಅವರನ್ನು ಲೇಖಕರೆಂದು ಗುರುತಿಸಿತು. ಅವರ ಹೊಟ್ಟೆಯನ್ನು ತುಂಬಿಸಲಿಲ್ಲ.

ಸವಣೂರಿನ ಗೋಕಾಕರ ಬಾಳಿನಲ್ಲಿ ಎರಡು ಬೇರೆ ಬೇರೆ ಬಗೆಯ ನೆರವುಗಳು ಎರಡು ತುದಿಗಳಲ್ಲಿ ಬಂದವು. 1909ರಲ್ಲಿ ಜನಿಸಿ, ಧಾರವಾಡದಲ್ಲಿ ಓದಿ, ಬೇಂದ್ರೆಯವರ ಗೆಳೆಯರ ಗುಂಪಿನಲ್ಲಿ ಬೆಳೆದು, ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಅವರು 1936ರಲ್ಲಿ ಡೆಕ್ಕನ್ ಎಜ್ಯುಕೇಶನ್ ಸೊಸೈಟಿಯ ಆಶ್ರಯದಲ್ಲಿ ಆಕ್ಸ್‌ಫರ್ಡಿಗೆ ತೆರಳಿದರು. ಹೋದದ್ದು ಇಂಗ್ಲಿಷ್ ಸಾಹಿತ್ಯದ ಪದವಿಗಾಗಿ. ಪದವಿಯೊಡನೆ ಅವರು ತಂದದ್ದು ಕಡಲ ಪ್ರಯಾಣದ ಅನುಭವ. ಅದರಿಂದ 1940ರಲ್ಲಿ 'ಸಮುದ್ರ ಗೀತೆಗಳು' ಹೊರಬಂದಿತು, ಮುಂದೆ ನವ್ಯದ ಮಾತು ಎದ್ದಾಗ ಅದರ ಛಂದೋಮುಕ್ತಿಯ ಕಡೆಗೆ ವಿಮರ್ಶಕರು ಮತ್ತೆ ಮತ್ತೆ ತಿರುಗಿ ನೋಡಿದರು. ಕಳುಹಿಸಿದ ಸೊಸೈಟಿ ಕೇಳಿದ್ದು ಕನ್ನಡ ಕವನಗಳನ್ನಲ್ಲ. ವೇತನವೆಂಬುದರ ಗುಣ ಇಲ್ಲಿಯೇ ಇದೆ: ಕೊಟ್ಟವರು ಎಣಿಸಿದ ಫಲವೇ ಬರಬೇಕೆಂಬ ನಿಯಮವಿಲ್ಲ, ಎಣಿಸದ ಫಲ ಬರುವುದುಂಟು. ಇನ್ನೊಂದು ತುದಿಯಲ್ಲಿ ಜ್ಞಾನಪೀಠ. 1944ರಲ್ಲಿ ಸ್ಥಾಪಿತವಾದ ಭಾರತೀಯ ಜ್ಞಾನಪೀಠವೆಂಬ ಖಾಸಗಿ ನ್ಯಾಸವು 1965ರಿಂದ ಕೊಡುತ್ತ ಬಂದ ಪಾರಿತೋಷಕ 1990ರ ಸಾಲಿನಲ್ಲಿ ಗೋಕಾಕರಿಗೆ ಸಂದಿತು. ಆಗ ಅವರಿಗೆ ಎಂಬತ್ತೊಂದು, 1992ರಲ್ಲಿ ತೀರಿಕೊಂಡರು. 'ಭಾರತ ಸಿಂಧು ರಶ್ಮಿ' ಅದಾಗಲೇ ಮುಗಿದು ಅಚ್ಚಾಗಿತ್ತು. ಈ ಗೌರವದಿಂದ ನಾಡಿಗೆ ಹಿಗ್ಗಾಯಿತು, ಸವಣೂರಿಗೆ ಹೆಸರಾಯಿತು. ಒಂದು ಸಾಲನ್ನಾದರೂ ಅದು ಬರೆಯಿಸಿತೆಂದು ಹೇಳುವಂತಿಲ್ಲ. ಎರಡನ್ನೂ ಒಂದೇ 'ಪ್ರೋತ್ಸಾಹ'ವೆಂಬ ಪದದಿಂದ ಕರೆಯುವುದರಲ್ಲಿಯೇ ನಮ್ಮ ಸಾಹಿತ್ಯ ಚರ್ಚೆಯ ಅಸ್ಪಷ್ಟತೆ ಅಡಗಿದೆ.

ಇಂದಿನ ಸ್ಥಿತಿಯೇನು? ಕನ್ನಡ ಸಾಹಿತ್ಯ ಪರಿಷತ್ತು, ವಿದ್ಯಾವರ್ಧಕ ಸಂಘ, ಹತ್ತಾರು ಪ್ರತಿಷ್ಠಾನಗಳು ಕೊಡುವ ಬಹುಮಾನಗಳಲ್ಲಿ ಬಹುಪಾಲು ದತ್ತಿಯ ರೂಪದವು. ದಾನಿಯೊಬ್ಬರು ತಂದೆತಾಯಿಗಳ ಅಥವಾ ಗುರುಗಳ ಹೆಸರಿನಲ್ಲಿ ಮೂಲಧನವನ್ನು ಇಡುತ್ತಾರೆ. ಅದರ ಬಡ್ಡಿಯಿಂದ ವರ್ಷಕ್ಕೊಂದು ಬಹುಮಾನ. ಏರ್ಪಾಟು ಸರಳವಾದುದು, ದಾನಿಯ ಭಾವನೆ ಪೂಜ್ಯವಾದುದು. ಆದರೆ ಲೆಕ್ಕ ಕಠೋರವಾದುದು. ಹತ್ತು ಸಾವಿರ ರೂಪಾಯಿಯ ಮೂಲಧನಕ್ಕೆ ನೂರಕ್ಕೆ ಏಳರ ಬಡ್ಡಿಯಾದರೆ ವರ್ಷಕ್ಕೆ ಏಳುನೂರು ರೂಪಾಯಿ. ಮೂವತ್ತು ವರ್ಷಗಳ ಹಿಂದೆ ಗಣ್ಯವಾಗಿದ್ದ ಮೊತ್ತ ಇಂದು ಶಾಲು, ಹಾರ, ಫಲಕಗಳಿಗೂ ಸಾಲದು. ಮೂಲಧನ ಬೆಳೆಯದಿದ್ದರೆ ದತ್ತಿಯಲ್ಲಿ ಉಳಿಯುವುದು ಹೆಸರೊಂದೇ.

ಮೊತ್ತದ ಪ್ರಶ್ನೆಗಿಂತ ನಿಯಮದ ಪ್ರಶ್ನೆ ಗಂಭೀರವಾದುದು. ಬಹುತೇಕ ದತ್ತಿಗಳ ಪ್ರಕಟಣೆಯಲ್ಲಿ ಒಂದೇ ಒಕ್ಕಣೆ ಕಾಣುತ್ತದೆ: ಹಿಂದಿನ ವರ್ಷದಲ್ಲಿ ಪ್ರಥಮ ಮುದ್ರಣವಾದ ಕೃತಿಯ ಮೂರು ಅಥವಾ ನಾಲ್ಕು ಪ್ರತಿಗಳನ್ನು ಕಳುಹಿಸತಕ್ಕದ್ದು, ಪ್ರತಿಗಳನ್ನು ಮರಳಿಸಲಾಗುವುದಿಲ್ಲ. ಇದರ ಅರ್ಥ, ಸ್ಪರ್ಧೆಯ ಬಾಗಿಲಿಗೆ ಬರುವುದಕ್ಕೆ ಮೊದಲೇ ಲೇಖಕ ಅಚ್ಚಿನ ಖರ್ಚನ್ನು ಹೊತ್ತಿರಬೇಕು. ಹೊಸ ಕವಿಯ ಪುಸ್ತಕವನ್ನು ತಮ್ಮ ಖರ್ಚಿನಿಂದ ಪ್ರಕಟಿಸುವ ಪ್ರಕಾಶಕರು ಎಷ್ಟು ಮಂದಿಯಿದ್ದಾರೆಂಬುದನ್ನು ವಾಚಕರು ಬಲ್ಲರು. ಹಿರೇಕೆರೂರು ತಾಲೂಕಿನಿಂದ ಬಂದ ನಮ್ಮ ವಿದ್ಯಾರ್ಥಿಯೊಬ್ಬ ಗೋವಿನಜೋಳ ಮಾರಿದ ಹಣದಿಂದ ತನ್ನ ಮೊದಲ ಸಂಕಲನವನ್ನು ಅಚ್ಚುಮಾಡಿಸಿದ. ನಾಲ್ಕು ಕಡೆಗೆ ನಾಲ್ಕು ನಾಲ್ಕು ಪ್ರತಿಗಳು ಹೋದವು. ಯಾವ ಕಡೆಯಿಂದಲೂ ಮರುಮಾತು ಬರಲಿಲ್ಲ. ಪುಸ್ತಕದಲ್ಲಿ ಏನು ದೋಷವಿತ್ತೆಂದು ಹೇಳಿದವರೂ ಇಲ್ಲ. ಬಹುಮಾನ ಬಾರದುದು ಅನ್ಯಾಯವಲ್ಲ. ಸಂಕಲನದಲ್ಲಿ ಕಾಲುಭಾಗ ಮಾತ್ರ ಕವಿತೆಯಿತ್ತು. ಆ ಕಾಲುಭಾಗವನ್ನು ಗುರುತಿಸಿ, ಉಳಿದುದನ್ನು ಬಿಡೆಂದು ಅಚ್ಚಿಗೆ ಹೋಗುವ ಮೊದಲು ಹೇಳುವವರು ಬೇಕಾಗಿತ್ತು. 1898ರ ಸ್ಪರ್ಧೆ ಬರೆಯುವವರನ್ನು ಕರೆಯಿತು; ಇಂದಿನ ದತ್ತಿ ಅಚ್ಚುಮಾಡಿಸಬಲ್ಲವರನ್ನು ಕರೆಯುತ್ತದೆ. ಒಂದು ಶತಮಾನದಲ್ಲಿ ಪಾರಿತೋಷಕವು ಶ್ರಮದ ಆರಂಭದಿಂದ ಶ್ರಮದ ಕೊನೆಗೆ ಸರಿದುಹೋಗಿದೆ. ಬಡವನಾದ ಲೇಖಕ ಹೊರಗುಳಿಯುವುದು ಈ ಸರಿಯುವಿಕೆಯಲ್ಲಿಯೇ ಹೊರತು ತೀರ್ಪುಗಾರರ ಪಕ್ಷಪಾತದಲ್ಲಲ್ಲ. ಪಕ್ಷಪಾತದ ದೂರನ್ನೇ ನಾವೆಲ್ಲ ಚಹದ ಅಂಗಡಿಯಲ್ಲಿ ಆಡುತ್ತೇವೆ, ಅದು ಬೇರೆ ಮಾತು.

ಇದಕ್ಕೆ ಅಪವಾದಗಳಿವೆ. ಗದುಗಿನ ಲಡಾಯಿ ಪ್ರಕಾಶನದ ವಿಭಾ ಸಾಹಿತ್ಯ ಪ್ರಶಸ್ತಿ ಅಪ್ರಕಟಿತ ಕವನಸಂಕಲನದ ಹಸ್ತಪ್ರತಿಗೆ ಸಲ್ಲುವಂಥದು. ಆಯ್ಕೆಯಾದ ಹಸ್ತಪ್ರತಿ ಪುಸ್ತಕವಾಗುತ್ತದೆ. ಬೆಂಗಳೂರಿನ ಛಂದ ಪುಸ್ತಕವು ಹೊಸ ಕತೆಗಾರರ ಹಸ್ತಪ್ರತಿಗಳ ವಿಷಯದಲ್ಲಿ ಇದೇ ಕ್ರಮವನ್ನು ಅನುಸರಿಸಿ ಗಮನಾರ್ಹ ಕತೆಗಾರರನ್ನು ಮುಂದೆ ತಂದಿತು. ಕಾಲೇಜಿನ ಅಧ್ಯಾಪಕರು ವಿಶೇಷವಾಗಿ ಗಮನಿಸಬೇಕಾದುದು ಬೆಂಗಳೂರಿನ ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘದ ಉದಾಹರಣೆ. ಚಿ. ಶ್ರೀನಿವಾಸರಾಜು ಅವರು ಅಲ್ಲಿ ಬೇಂದ್ರೆಯವರ ಹೆಸರಿನಲ್ಲಿ ಕವನಸ್ಪರ್ಧೆಯನ್ನೂ ಅ.ನ.ಕೃ. ಅವರ ಹೆಸರಿನಲ್ಲಿ ಕಥಾಸ್ಪರ್ಧೆಯನ್ನೂ ಕಾಲೇಜು ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿ, ಮೆಚ್ಚಿಗೆಯಾದುವನ್ನು ಸಂಕಲನಗಳಾಗಿ ಅಚ್ಚುಹಾಕಿಸಿದರು. ದೊಡ್ಡ ಮೂಲಧನವಿರಲಿಲ್ಲ, ಓದುವ ಒಬ್ಬ ಅಧ್ಯಾಪಕರಿದ್ದರು. ನಮ್ಮ ಸೀಮೆಯ ಕಾಲೇಜುಗಳ ವಾರ್ಷಿಕ ಸಂಚಿಕೆಗಳಿಗೆ ಇಂಥ ಓದುಗರು ದೊರೆತರೆ ಅರ್ಧ ಕೆಲಸವಾದಂತೆ.

ಸಂಶೋಧಕರಿಗೂ ಸಂಗ್ರಾಹಕರಿಗೂ ಬೇಕಾದುದು ಬಹುಮಾನಕ್ಕಿಂತ ವೇತನ. ಸರ್ವಜ್ಞನ ವಚನಗಳು ಇಂದು ಎಲ್ಲರ ನಾಲಗೆಯ ಮೇಲಿವೆ. ಆದರೆ ಬಾಯಿಂದ ಬಾಯಿಗೆ ಹರಿದು, ಪಾಠಭೇದಗಳಲ್ಲಿ ಚೆದುರಿದ್ದ ತ್ರಿಪದಿಗಳನ್ನು ಕಲೆಹಾಕಿ 1924ರಲ್ಲಿ ಗ್ರಂಥರೂಪಕ್ಕೆ ತಂದವರು ಬಾಸೆಲ್ ಮಿಶನ್ನಿನ ಪಾದ್ರಿಗಳಾಗಿದ್ದ ಉತ್ತಂಗಿ ಚೆನ್ನಪ್ಪನವರು. ಉಪದೇಶದ ಕೆಲಸದ ನಡುವೆ ಬಿಡುವು ಮಾಡಿಕೊಂಡು ನಡೆದ ಶ್ರಮವದು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ದೊರೆತುದು ಸರಿಯೇ. ಆದರೆ ಅಲೆದಾಟದ ಖರ್ಚು ಬೇಕಾಗಿದ್ದುದು 1924ರ ಮೊದಲು. ಶಿಗ್ಗಾಂವಿಯ ಸುತ್ತ ಇಂಥ ಕೆಲಸ ಇನ್ನೂ ಉಳಿದಿದೆ. 1889ರಲ್ಲಿ ತೀರಿಕೊಂಡ ಶರೀಫರ ಪದಗಳು ಧ್ವನಿಮುದ್ರಿಕೆಗಳಿಗೆ ಏರುವ ಬಹುಕಾಲ ಮೊದಲು ಭಜನಾ ಮೇಳಗಳ ಕೊರಳಿನಲ್ಲಿಯೂ ಕೈಬರಹದ ವಹಿಗಳಲ್ಲಿಯೂ ಬಾಳಿದವು. ಆ ವಹಿಗಳ ಹಾಳೆ ಪುಡಿಯಾಗುತ್ತಿದೆ. ಅದೇ ತಾಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಜಾನಪದ ವಿಶ್ವವಿದ್ಯಾಲಯ ಸ್ಥಾಪಿತವಾಯಿತು. ಅದು ಸರಕಾರದ ಸಂಸ್ಥೆ. ಖಾಸಗಿಯವುಗಳಲ್ಲಿ, 1993ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಕಲಾವಿದರಿಗೂ ಸಂಶೋಧಕರಿಗೂ ಯೋಜನೆಯ ಆರಂಭದಲ್ಲಿಯೇ ಧನಸಹಾಯ ಮಾಡುತ್ತ ಬಂದಿದೆ. ಊರಿನ ಮಾಸ್ತರನೊಬ್ಬನಿಗೆ ಆರು ತಿಂಗಳ ಬಿಡುವು ಕೊಡಬಲ್ಲ ದತ್ತಿಯೊಂದು ತಾಲೂಕಿನ ಮಟ್ಟದಲ್ಲಿ ಹುಟ್ಟಿದುದನ್ನು ಮಾತ್ರ ನಾವು ಕಂಡಿಲ್ಲ. ಶಿಶುವಿನಹಾಳದ ಜಾತ್ರೆಗೆ ಬರುವ ಕಾಣಿಕೆಯನ್ನು ನೋಡಿದವರಿಗೆ ಈ ಸೀಮೆಯಲ್ಲಿ ದಾನಿಗಳ ಕೊರತೆಯಿದೆಯೆಂದು ತೋರದು.

ಇನ್ನು ಕಮ್ಮಟಗಳ ವಿಷಯ. ಗೆಳೆಯರ ಗುಂಪು ಒಂದು ಅರ್ಥದಲ್ಲಿ ನಮ್ಮ ಮೊದಲ ಕಮ್ಮಟವೇ. ಶುಲ್ಕವಿಲ್ಲ, ಪ್ರಮಾಣಪತ್ರವಿಲ್ಲ, ಬರೆದುದನ್ನು ಓದಿ ಕೇಳಿಸಿದರೆ ಖಂಡನೆ ಮಾತ್ರ ಖಂಡಿತ. ಹೆಗ್ಗೋಡಿನ ನೀನಾಸಮ್ (1949) ಶಿಬಿರಗಳ ಮೂಲಕ, 1985ರಿಂದ ತಿರುಗಾಟದ ಮೂಲಕ, ಹಳ್ಳಿಯಲ್ಲಿಯೇ ಕುಳಿತು ಜಗತ್ತಿನ ಸಾಹಿತ್ಯವನ್ನು ಚರ್ಚಿಸಬಹುದೆಂದು ತೋರಿಸಿತು. ಹಾನಗಲ್ಲ ತಾಲೂಕಿನ ಶೇಷಗಿರಿಯೆಂಬ ಪುಟ್ಟ ಗ್ರಾಮದ ಯುವಕರು ನಾಟಕಮಂಡಳಿಯನ್ನು ಕಟ್ಟಿ ಬೆಳೆಸಿದುದನ್ನು ನೋಡಿದರೆ ಅದು ಹೆಗ್ಗೋಡಿಗೆ ಮಾತ್ರ ಸಾಧ್ಯವಾದುದಲ್ಲವೆಂದು ತಿಳಿಯುತ್ತದೆ. ಆದರೆ ಕಮ್ಮಟವೆಂಬ ಹೆಸರಿನಲ್ಲಿ ಇಂದು ನಡೆಯುವುದು ಎಷ್ಟೋ ಸಲ ಉಪನ್ಯಾಸಮಾಲೆ. ಬೆಳಗ್ಗೆ ಉದ್ಘಾಟನೆ, ಮಧ್ಯಾಹ್ನದವರೆಗೆ ಹಿರಿಯರ ನೆನಪುಗಳು, ಸಂಜೆ ಕವಿಗೋಷ್ಠಿ. ಶಿಬಿರಾರ್ಥಿಯ ವಹಿ ಚೀಲದಲ್ಲಿಯೇ ಉಳಿಯುತ್ತದೆ. ಕಮ್ಮಟವೆಂದರೆ ನಾಣ್ಯ ಟಂಕಿಸುವ ಶಾಲೆ. ಅಲ್ಲಿ ಲೋಹ ಬೆಂಕಿಗೆ ಬೀಳಬೇಕು.

ಉಚಿತವೆಂಬ ಮಾತನ್ನೂ ತೂಗಿ ನೋಡಬೇಕು. ಧಾರವಾಡದಲ್ಲಿ ನಡೆಯುವ ಉಚಿತ ಕಮ್ಮಟಕ್ಕೆ ಹಾನಗಲ್ಲಿನ ಹಳ್ಳಿಯಿಂದ ಬರುವವನಿಗೆ ಬಸ್ಸಿನ ಖರ್ಚಿದೆ, ಮೂರು ದಿನಗಳ ಕೂಲಿಯ ನಷ್ಟವಿದೆ. ವಿದ್ಯಾರ್ಥಿನಿಯಾದರೆ ರಾತ್ರಿ ತಂಗುವ ಏರ್ಪಾಟಿನ ಬಗ್ಗೆ ಮನೆಯವರಿಗೆ ಮೊದಲು ಉತ್ತರ ಸಿಗಬೇಕು. ನಮ್ಮ ಅನುಭವದಲ್ಲಿ ಅವಳ ಹೆಸರು ಪಟ್ಟಿಯಿಂದ ಬಿದ್ದುಹೋಗುವುದು ಇಲ್ಲಿಯೇ. ಬೋಧಿಸುವವರು ಮೂವರು, ಕಲಿಯುವವರು ಮೂವತ್ತು ಮಂದಿ. ಮೂವರನ್ನು ಸವಣೂರಿಗೋ ಹಿರೇಕೆರೂರಿಗೋ ಕಳುಹಿಸುವುದು ಮೂವತ್ತು ಮಂದಿಯನ್ನು ಧಾರವಾಡಕ್ಕೆ ಕರೆಸುವುದಕ್ಕಿಂತ ಅಗ್ಗ. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೆಯ ಅಖಿಲ ಭಾರತ ಸಾಹಿತ್ಯ ಸಮ್ಮೇಳನ ನಡೆದಾಗ ಮೂರು ದಿನಗಳ ಮಟ್ಟಿಗೆ ನಾಡಿನ ಲೇಖಕರೆಲ್ಲ ಈ ತಾಲೂಕುಗಳ ಹೊಸ್ತಿಲಿಗೇ ಬಂದಿದ್ದರು. ಅವರು ಹಿಂದಿರುಗುವ ದಾರಿಯಲ್ಲಿ ಒಂದೊಂದು ಕಾಲೇಜಿನಲ್ಲಿ ಒಂದೊಂದು ದಿನ ಕುಳಿತು ಹುಡುಗರ ವಹಿಗಳನ್ನು ಓದುವ ಏರ್ಪಾಟು ಅಸಾಧ್ಯವಾಗಿತ್ತೆಂದು ನಮಗೆ ಅನಿಸುವುದಿಲ್ಲ.

ದತ್ತಿಗಳನ್ನು ನಡೆಸುವ ಸಂಸ್ಥೆಗಳು ಮೂಲಪತ್ರದ ನಿಯಮಗಳಿಗೆ ಬದ್ಧವಾಗಿರುವುದರಿಂದ ಮುದ್ರಿತ ಕೃತಿಯ ಷರತ್ತನ್ನು ತಾವಾಗಿ ಬದಲಿಸಲಾರವು. ದಾನಿಯ ಕುಟುಂಬದ ಒಪ್ಪಿಗೆ ಬೇಕು. ಅದು ದೊರೆಯುವವರೆಗೆ ಕಾಯಬೇಕಾಗಿಲ್ಲದ ಒಂದು ಕೆಲಸವಿದೆ. ತೀರ್ಪುಗಾರರು ಹೇಗೂ ಪುಸ್ತಕಗಳನ್ನು ಓದುತ್ತಾರೆ. ಓದಿದ ಅಭಿಪ್ರಾಯವನ್ನು ಅಂಕಗಳ ಜೊತೆಗೆ ಅರ್ಧ ಪುಟದಲ್ಲಿ ಬರೆದು ಸಂಸ್ಥೆಗೆ ಕೊಡಲಿ. ಬಹುಮಾನ ಬಾರದ ಪ್ರತಿಯೊಬ್ಬ ಲೇಖಕನಿಗೂ ಆ ಅರ್ಧ ಪುಟವನ್ನು ಅಂಚೆಯಲ್ಲಿ ಕಳುಹಿಸಲಿ. ಒಂದು ಅಂಚೆಲಕೋಟೆಯ ಬೆಲೆ ಐದು ರೂಪಾಯಿ.