ಮೊದಲು ಸೂಚನೆ, ಆಮೇಲೆ ಚೀಟಿ

ಇಂಗ್ಲಿಷ್ ಪಾಠ ಹೇಗೆ ಸಾಗೀತೆಂದು ತಿಳಿಯಲು ಚಟುವಟಿಕೆಗೆ ಮುಂಚಿನ ಎರಡು ನಿಮಿಷ ನೋಡಿದರೆ ಸಾಕು. ಉಡುಪಿ, ಕಾಪು, ಕಾರ್ಕಳ ಕಡೆಯ ಶಾಲೆಗಳ ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡುವ ಚಟ ನನಗಿದೆ. ಟೀಚರ್ ಮೊದಲು ಚೀಟಿ ಹಂಚಿ, ಆಮೇಲೆ ಉದ್ದಕ್ಕೆ ವಿವರಿಸಿ, ಕೊನೆಗೆ ‘ಅಂಡರ್‌ಸ್ಟುಡ್?’ ಎಂದರೋ, ಪಾಠ ಕೆಟ್ಟಿತೆಂದೇ ಲೆಕ್ಕ. ‘ಯೆಸ್ ಟೀಚರ್’ ಎಂದು ಇಡೀ ತರಗತಿ ರಾಗ ಎಳೆಯುತ್ತದೆ; ಮರುಕ್ಷಣ ಪಕ್ಕದವನ ಕಿವಿಯಲ್ಲಿ ‘ದಾನೆ ಮಲ್ಪೊಡು (ಏನು ಮಾಡಬೇಕು) ಮಾರಾಯ?’ ಚೀಟಿ ಕೈಗೆ ಬಂದ ಮೇಲೆ ಯಾವ ಮಗು ಕಿವಿ ಕೊಡುತ್ತದೆ?

ನನಗೆ ತುಂಬ ಹಿಡಿಸಿದ್ದು ಒಬ್ಬ ಟೀಚರ್ ಆಡಿಸಿದ ಬಸ್ಸಿನ ಆಟ. ಇಬ್ಬರಿಗೆ ಎರಡು ವೇಳಾಪಟ್ಟಿ. ಒಂದರಲ್ಲಿ ಉಡುಪಿಯಿಂದ ಕಾಪುವಿಗೆ ಹೋಗುವ ಬಸ್ಸುಗಳ ಹೊತ್ತು ಇದೆ, ಮಣಿಪಾಲ, ಹಿರಿಯಡ್ಕದ ಮೇಲೆ ಕಾರ್ಕಳಕ್ಕೆ ಹೋಗುವವುಗಳದ್ದು ಖಾಲಿ. ಇನ್ನೊಂದರಲ್ಲಿ ಅದರ ತಿರುಗುಮುರುಗು. ಕೇಳಿ ತುಂಬಿಸಬೇಕು. ಆ ಟೀಚರ್ ಒಬ್ಬ ಹುಡುಗನನ್ನು ಮುಂದೆ ಕರೆದು, ತನ್ನ ಚೀಟಿಯನ್ನು ಎದೆಗೆ ಒತ್ತಿ ಹಿಡಿದು ‘ಡೋಂಟ್ ಶೋ’ ಎಂದರು. ‘ವಾಟ್ ಟೈಮ್ ಈಸ್ ದ ಬಸ್ ಟು ಕಾಪು?’ ಹುಡುಗ ‘ಎಯ್ಟ್ ಟೆನ್’ ಎಂದ. ಅದನ್ನು ಬೋರ್ಡಿನ ಖಾಲಿ ಮನೆಯಲ್ಲಿ ಬರೆದರು. ಬಳಿಕ ಕಿವಿ, ಕೈ ತೋರಿಸುತ್ತ ಮೂರೇ ಪದ: ‘ಆಸ್ಕ್. ಲಿಸನ್. ರೈಟ್.’ ‘ಅರ್ಥವಾಯಿತಾ’ ಎಂದು ಕೇಳಲೇ ಇಲ್ಲ. ‘ಕ್ಯಾನ್ ಯೂ ಶೋ?’ ಎಂದರು. ‘ನೋ!’ ಎಂದು ತರಗತಿ ಕೂಗಿದ ಮೇಲೆಯೇ ಚೀಟಿಗಳು ಕೈ ಸೇರಿದ್ದು. ನಮ್ಮ ಬಸ್ಸುಗಳ ಕಂಡಕ್ಟರು ಕೂಡ ಡ್ರೈವರನಿಗೆ ಭಾಷಣ ಮಾಡುವುದಿಲ್ಲ, ಒಂದು ಸೀಟಿ, ಒಂದು ‘ರೈಟ್’, ಅಷ್ಟೇ.

ಈ ಬಗೆಯ ಪಾಠಕ್ಕೆ ನಮ್ಮಲ್ಲೇ ಬೇರಿದೆ. ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಜಗತ್ತಿನ ಭಾಷಾಶಿಕ್ಷಕರಿಗೆ ಪರಿಚಿತ. ವ್ಯಾಕರಣ ಉರುಹೊಡೆಸುವುದನ್ನು ಬಿಟ್ಟು ವೇಳಾಪಟ್ಟಿ, ನಕ್ಷೆಗಳನ್ನು ಮುಂದಿಟ್ಟು ಮಕ್ಕಳ ತಲೆಗೆ ಕೆಲಸ ಕೊಟ್ಟರು. ಶಿಕ್ಷಕರು ಮೊದಲು ಇಡೀ ತರಗತಿಯೊಡನೆ ಅಂಥದೇ ಒಂದು ಸಮಸ್ಯೆ ಬಿಡಿಸುತ್ತಿದ್ದರು, ಆಮೇಲೆ ಮಕ್ಕಳು ಒಬ್ಬೊಬ್ಬರೇ. ಒಬ್ಬರ ತಪ್ಪು ಇಂಗ್ಲಿಷು ಇನ್ನೊಬ್ಬರಿಗೆ ಅಂಟೀತೆಂದು ಗುಂಪು ಚಟುವಟಿಕೆಯನ್ನು ಪ್ರಭು ಅಷ್ಟಾಗಿ ಮೆಚ್ಚುತ್ತಿರಲಿಲ್ಲ. ಇದೊಂದನ್ನು ನಾನು ಒಪ್ಪಲಾರೆ. ನಲವತ್ತು ಮಕ್ಕಳೂ ಬಾಯಿ ಬಿಡಬೇಕೆಂದರೆ ಜೋಡಿಯಾಟವೇ ಗತಿ.

ಬಸ್ಸಿನ ಆಟದಲ್ಲಿ ಪಟ್ಟಿ ತುಂಬಿದ ಮೇಲೆ ಟೀಚರ್ ಇನ್ನೊಂದು ಪ್ರಶ್ನೆ ಎಸೆದರು: ಕಾಪುವಿನಿಂದ ಕಾರ್ಕಳಕ್ಕೆ ಹೇಗೆ ಹೋಗುವುದು? ಉಡುಪಿಯಲ್ಲಿ ಬಸ್ಸು ಬದಲಾಯಿಸಿ ಎಂದು ಚೀಟಿ ಹೇಳುತ್ತಿತ್ತು. ಮೂಲೆಯ ಹುಡುಗಿಯೊಬ್ಬಳು ಎದ್ದು, ‘ನೋ ಟೀಚರ್! ಶಿರ್ವ ಗೋ, ಬೆಳ್ಮಣ್ ಗೋ, ಕಾರ್ಕಳ ಕಮ್!’ ಎಂದಳು. ವ್ಯಾಕರಣ ಮಣ್ಣುಪಾಲು, ದಾರಿ ನೂರಕ್ಕೆ ನೂರು ಸರಿ. ಟೀಚರ್ ತಿದ್ದಲಿಲ್ಲ, ‘ಯೆಸ್, ಗೋ ಥ್ರೂ ಶಿರ್ವ’ ಎಂದು ಸರಿಯಾದ ರೂಪವನ್ನು ತಾವೇ ಹೇಳಿ ಮುಂದೆ ಹೋದರು. ನಾನು ಚಪ್ಪಾಳೆ ತಟ್ಟುವುದೊಂದು ಬಾಕಿ!

ನಮ್ಮ ಸರ್ಕಾರಿ ಶಾಲೆಗಳಿಗೆ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂದದ್ದು 2007-08ರಲ್ಲಿ. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಆಡಿ, ಶಾಲೆಯಲ್ಲಿ ಕನ್ನಡ ಓದುವ ಇಲ್ಲಿನ ಮಗುವಿಗೆ ಅದು ಮೂರನೆಯ ಭಾಷೆ. ಸೂಚನೆ ತಿಳಿಯದಿದ್ದರೆ ತುಳುವಿನಲ್ಲೊಂದು ಮಾತು ಹೇಳುವುದು ಅಪರಾಧವೇನಲ್ಲ, ಐದು ನಿಮಿಷ ಉಳಿಯುತ್ತದೆ. ಆದರೆ ಪ್ರತಿಯೊಂದು ಸೂಚನೆಯನ್ನೂ ಅನುವಾದಿಸುತ್ತ ಹೋದರೆ ಮಕ್ಕಳು ಇಂಗ್ಲಿಷಿಗೆ ಕಿವಿಗೊಡುವುದನ್ನೇ ಬಿಡುತ್ತಾರೆ.

ಟೀಚರುಗಳೇ, ಮಾಷ್ಟ್ರೇ, ಪಾಠಯೋಜನೆಯಲ್ಲಿ ಚಟುವಟಿಕೆಯ ಹೆಸರಿನ ಕೆಳಗೆ ನೀವು ಬಾಯಲ್ಲಿ ಹೇಳುವ ವಾಕ್ಯಗಳನ್ನೂ ಇದ್ದಹಾಗೇ ಬರೆದುಕೊಳ್ಳಿ. ಐದು ಪದ ದಾಟಿದ್ದನ್ನು ಹೊಡೆದುಹಾಕಿ.