‘ಚಿದಂಬರ ರಹಸ್ಯ’ದಲ್ಲಿ ಭಯಾನಕದ ಸ್ವರೂಪ

ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ವು 1985ರಲ್ಲಿ ಪ್ರಕಟವಾಗಿ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಕಾದಂಬರಿ. ಅದರ ವಿಡಂಬನೆಯನ್ನೂ ಪರಿಸರದೃಷ್ಟಿಯನ್ನೂ ಪ್ರಶಂಸಿಸುವುದು ವಾಡಿಕೆ. ಇಂತಹ ವಸ್ತುವು ಪತ್ತೇದಾರಿ ಕಥೆಯ ವೇಷವನ್ನು ಏಕೆ ತೊಟ್ಟಿತು, ಆ ವೇಷದಿಂದ ರಸಕ್ಕೆ ಆದ ಲಾಭವೇನು ಎಂಬ ವಿಚಾರವು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಪತ್ತೇದಾರಿ ಎಂಬ ಹೆಸರು ಕೇಳಿದೊಡನೆ ಪಂಡಿತವರ್ಗವು ಮುಖ ತಿರುಗಿಸುವುದೇ ಇದಕ್ಕೆ ಕಾರಣವೆಂದು ತೋರುತ್ತದೆ.

ಈಗಿನ ರೋಮಾಂಚಕ ಕಾದಂಬರಿಗೆ ಬೇಕಾದ ರಂಗಸ್ಥಳವನ್ನು ಹುಡುಕಿ ದೂರ ಹೋಗಬೇಕಾಗಿಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆಯೊಂದೇ ಸಾಕು. ಬಸ್ ನಿಲ್ದಾಣ, ಕಾರಖಾನೆಗಳು, ವಿಮಾನನಿಲ್ದಾಣ ಇವೆಲ್ಲ ಆ ಒಂದೇ ದಾರಿಯನ್ನು ಹಿಡಿದು ಇವೆ. ಕಥೆಗಾರನು ಅಲ್ಲಿ ಒಂದು ಬಾಂಬನ್ನೂ ಒಂದು ಗಡಿಯಾರವನ್ನೂ ಇಟ್ಟು, ಪರದೇಶದಿಂದ ಬಂದ ಒಬ್ಬ ದುಷ್ಟನನ್ನು ಸುಳಿದಾಡಿಸಿದನೆಂದರೆ ಮುನ್ನೂರು ಪುಟಗಳು ತಾವಾಗಿಯೇ ತುಂಬುವುವು. ಇದು ಬರಿಯ ಕಲ್ಪನೆಯೆಂದು ಹುಬ್ಬಳ್ಳಿಯ ವಾಚಕನು ತಳ್ಳಿಹಾಕಲಾರನು. 2008ರ ಮೇ ತಿಂಗಳಲ್ಲಿ ಆ ನಗರದ ನ್ಯಾಯಾಲಯದಲ್ಲಿಯೇ ಬಾಂಬು ಸಿಡಿದುದನ್ನು ಅವನು ಬಲ್ಲನು. ಆದರೆ ತೇಜಸ್ವಿಯವರು ಇಂತಹ ರಂಗವನ್ನು ಬಿಟ್ಟು, ಮಲೆನಾಡಿನ ಕೆಸರೂರೆಂಬ ಹಳ್ಳಿಯನ್ನು ಆರಿಸಿಕೊಂಡರು. ಅಲ್ಲಿ ಏಲಕ್ಕಿಯ ಬೆಳೆ ಕುಸಿಯುತ್ತಿದೆ, ಜೋಗಿಹಾಳ್ ಎಂಬ ವಿಜ್ಞಾನಿಯು ಸಂಶಯಾಸ್ಪದವಾಗಿ ಸತ್ತಿದ್ದಾನೆ, ಗುಪ್ತಚರ ಇಲಾಖೆಯ ಅಂಗಡಿ ಎಂಬ ಅಧಿಕಾರಿಯು ಶೋಧನೆಗೆ ಬಂದಿದ್ದಾನೆ. ಊರು ನಾಶವಾಗುವುದು ಬಾಂಬಿನಿಂದಲ್ಲ, ಬೆಂಕಿಯಿಂದ. ಹೊರಗಿನ ಶತ್ರುವೆಂಬವನು ಅಲ್ಲಿ ಯಾರೂ ಇಲ್ಲ.

ಭರತಮುನಿಯು ಭಯಾನಕವನ್ನು ಮೂರು ಬಗೆಯಾಗಿ ವಿಭಾಗಿಸಿರುವುದು ಬಲ್ಲವರಿಗೆ ತಿಳಿದುದೇ: ವ್ಯಾಜದಿಂದ ಹುಟ್ಟಿದುದು, ಅಪರಾಧದಿಂದ ಹುಟ್ಟಿದುದು, ಮತ್ತೊಬ್ಬರು ಹೆದರಿಸಿದುದರಿಂದ ಹುಟ್ಟಿದ ವಿತ್ರಾಸಿತಕ. ಭಯೋತ್ಪಾದಕರನ್ನು ಕುರಿತ ಕಾದಂಬರಿಗಳು ಪ್ರಾಯಶಃ ಈ ಮೂರನೆಯದರಲ್ಲಿಯೇ ನಿಂತುಬಿಡುವುವು. ದುಷ್ಟನೊಬ್ಬನೇ ಅವುಗಳ ಆಲಂಬನ. ಅವನು ಸಿಕ್ಕಿಬಿದ್ದೊಡನೆ ಭಯವು ನಿವೃತ್ತವಾಗಿ, ಪುಸ್ತಕವನ್ನು ಮುಚ್ಚಿದವನಿಗೆ ಏನೂ ಉಳಿಯುವುದಿಲ್ಲ.

ಈ ಜಾತಿಯ ಕೃತಿಯು ಪಶ್ಚಿಮದಿಂದ ಬಂದುದೆಂಬ ಭ್ರಮೆಯೂ ಸಲ್ಲದು. ವಿಶಾಖದತ್ತನ ‘ಮುದ್ರಾರಾಕ್ಷಸ’ದ ಎರಡನೆಯ ಅಂಕವನ್ನು ನೋಡಬೇಕು. ಹಾವಾಡಿಗನ ವೇಷದಲ್ಲಿ ಬಂದ ವಿರಾಧಗುಪ್ತನು ರಾಕ್ಷಸನಿಗೆ ವರದಿಯನ್ನೊಪ್ಪಿಸುತ್ತಾನೆ. ಯಂತ್ರತೋರಣವನ್ನು ಬೀಳಿಸಿ ಚಂದ್ರಗುಪ್ತನನ್ನು ಕೊಲ್ಲುವ ಹವಣಿಕೆ, ಔಷಧದಲ್ಲಿ ವಿಷ, ಶಯನಗೃಹದ ನೆಲದೊಳಗೆ ಅಡಗಿದ ಘಾತುಕರು! ಗೋಡೆಯ ಬಿರುಕಿನಿಂದ ಅನ್ನದ ಅಗುಳನ್ನು ಹೊತ್ತು ಹೊರಡುವ ಇರುವೆಯ ಸಾಲನ್ನು ಕಂಡು, ಒಳಗೆ ಮನುಷ್ಯರಿರುವರೆಂದು ಚಾಣಕ್ಯನು ಊಹಿಸಿ ಮನೆಗೆ ಬೆಂಕಿ ಹಚ್ಚಿಸುತ್ತಾನೆ. ಇದಕ್ಕಿಂತ ಸೂಕ್ಷ್ಮವಾದ ಪತ್ತೇದಾರಿಕೆಯು ಇಂದಿನವರಲ್ಲಿಯೂ ವಿರಳ. ಕೆಂಪುನಾರಾಯಣನು 1823ರಲ್ಲಿ ಈ ಕಥೆಯನ್ನೇ ‘ಮುದ್ರಾಮಂಜೂಷ’ವೆಂದು ಕನ್ನಡ ಗದ್ಯಕ್ಕೆ ತಂದನು. ಹೊಸಗನ್ನಡ ಗದ್ಯದ ಹೊಸ್ತಿಲಿನಲ್ಲಿಯೇ ಇರುವ ಈ ಕೃತಿ ಕೂಟೋಪಾಯಗಳ ಕಥೆಯೆಂಬುದನ್ನು ಪಾಠ ಹೇಳುವವರು ಮರೆಯುತ್ತಾರೆ.

ಆದರೆ ‘ಮುದ್ರಾರಾಕ್ಷಸ’ದ ಬೆಂಕಿಯು ಒಬ್ಬ ಜಾಣನ ಅಪ್ಪಣೆಯಂತೆ ಹತ್ತಿ, ಅವನು ಬಯಸಿದವರನ್ನು ಸುಟ್ಟು ಆರುತ್ತದೆ. ಕೆಸರೂರಿನ ಬೆಂಕಿಯನ್ನು ಆಳುವವರಿಲ್ಲ. ಇಲ್ಲಿಯೇ ತೇಜಸ್ವಿಯವರ ಹೆಚ್ಚಳವಿರುವುದು. ಕೃಷ್ಣೇಗೌಡನ ಮನೆಯ ಮೇಲೆ ಬೀಳುವ ಕಲ್ಲುಗಳು ವ್ಯಾಜಭಯವನ್ನು ತಂದರೆ, ಮತದ್ವೇಷದ ಪಿಸುಮಾತುಗಳು ವಿತ್ರಾಸಿತಕವನ್ನು ತರುತ್ತವೆ. ವಾಚಕನ ಕಣ್ಣು ಈ ಎರಡರ ಮೇಲಿರುವಾಗ ಊರ ಸುತ್ತಲೂ ಸದ್ದಿಲ್ಲದೆ ಲಂಟಾನ ಬೆಳೆಯುತ್ತಿರುತ್ತದೆ. 19ನೆಯ ಶತಮಾನದ ಆದಿಯಲ್ಲಿ ಆಂಗ್ಲರು ಹೂವಿನ ಚೆಲುವಿಗಾಗಿ ಈ ದೇಶಕ್ಕೆ ತಂದ ಗಿಡವಿದು. ಕಾಡು ಕಡಿದಲ್ಲೆಲ್ಲ ನುಗ್ಗಿ ಮೆಳೆಯಾಗುವುದು, ಬೇಸಗೆಯಲ್ಲಿ ಒಣಗಿ ಸೌದೆಯಾಗುವುದು. ಅದನ್ನು ಯಾರೂ ಸಂಚುಮಾಡಿ ನೆಡಲಿಲ್ಲ, ಎಲ್ಲರೂ ಬೆಳೆಯಗೊಟ್ಟರು. ಗೌಡನ ಲೋಭ, ಅಧಿಕಾರಿಗಳ ಆಲಸ್ಯ, ಕ್ರಾಂತಿಯ ಮಾತಾಡುವ ತರುಣರ ಹುರುಪು ಇವೆಲ್ಲ ಆ ಮೆಳೆಯಂತೆಯೇ ಹಬ್ಬಿದವು. ಇದು ಅಪರಾಧಜವಾದ ಭಯಾನಕ. ಅಪರಾಧವು ಇಡೀ ಊರಿನದಾದುದರಿಂದ ಅದನ್ನು ಹಿಡಿದುಕೊಡಲು ಯಾವ ಪತ್ತೇದಾರನಿಂದಲೂ ಆಗದು.

ಅಂಗಡಿಯ ಶೋಧನೆಯು ನಿರ್ಣಯದ ಕಡೆಗೆ ಹೋಗದೆ ಬೆಂಕಿಯ ಕಡೆಗೆ ಹೋಯಿತೆಂದು ಕೆಲವರು ಆಕ್ಷೇಪಿಸಬಹುದು. ಈ ಆಕ್ಷೇಪದಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ಮುಖಸಂಧಿಯಲ್ಲಿ ಬಿತ್ತಿದ ಬೀಜಕ್ಕೆ ನಿರ್ವಹಣದಲ್ಲಿ ಫಲವಿರಬೇಕು. ವಿಜ್ಞಾನಿಯ ಮರಣವೆಂಬ ಬೀಜವು ಕೊನೆಯಲ್ಲಿ ಹೊಗೆಯಲ್ಲಿ ಮಸುಕಾಗುತ್ತದೆ. ನಡುವಣ ಹಾಸ್ಯಪ್ರಸಂಗಗಳೂ ಒಂದೆರಡೆಡೆ ಅಳತೆ ಮೀರಿವೆ. ಆದರೆ ಗ್ರಂಥದ ಹೆಸರನ್ನೇ ಗಮನಿಸಬೇಕು. ಚಿದಂಬರದ ಕ್ಷೇತ್ರದಲ್ಲಿ ರಹಸ್ಯಸ್ಥಾನದ ತೆರೆಯನ್ನು ಸರಿಸಿದರೆ ಮೂರ್ತಿಯು ಕಾಣುವುದಿಲ್ಲ. ಚಿನ್ನದ ಬಿಲ್ವಪತ್ರೆಯ ಮಾಲೆಗಳು ತೂಗುವ ಬಯಲು ಕಾಣುತ್ತದೆ. ಅದು ಆಕಾಶಲಿಂಗ. ಪತ್ತೇದಾರಿ ಕಥೆಯ ವಾಚಕನೂ ತೆರೆಯ ಹಿಂದೆ ಒಬ್ಬ ಅಪರಾಧಿಯ ಮುಖವನ್ನು ಕಾಣಲು ಬಂದವನೇ. ಅವನಿಗೆ ದೊರೆಯುವುದು ಬಯಲು. ಭಕ್ತನಿಗೆ ಆ ಬಯಲು ದೈವವಾದರೆ, ಕೆಸರೂರಿನವರಿಗೆ ಅದು ತಾವೇ ಬೆಳೆಯಗೊಟ್ಟ ಶೂನ್ಯ. ಹೆಸರಿನ ಔಚಿತ್ಯವನ್ನು ಹೀಗೆ ಗ್ರಹಿಸಿದರೆ ಬೀಜವು ಕೆಟ್ಟಿತೆನ್ನುವುದಕ್ಕಿಂತ ಬೇರೆ ಫಲವನ್ನು ಕೊಟ್ಟಿತೆನ್ನುವುದೇ ಸಮಂಜಸ.

ನಿರ್ವಹಣದಲ್ಲಿ ಅದ್ಭುತವಿರಬೇಕೆಂಬುದು ಭರತನ ಮತ. ಊರು ಉರಿಯುವಾಗ ರಫಿ ಮತ್ತು ಜಯಂತಿಯರು ಗುಡ್ಡದ ಮೇಲೆ ಉಳಿದಿದ್ದಾರೆ. ಯಾರ ಒಲವನ್ನು ಊರು ಸಹಿಸದಾಗಿತ್ತೋ ಅವರ ಕಣ್ಣಿಗೇ ಆ ಊರು ಉರಿಯಾಗಿ ಕಾಣುತ್ತದೆ. ಭಯಾನಕವು ಅದ್ಭುತದೊಡನೆ ಕೂಡುವ ಈ ಸ್ಥಳದಲ್ಲಿ ಗ್ರಂಥಕರ್ತರು ವ್ಯಾಖ್ಯಾನಕ್ಕೆ ತೊಡಗದೆ ಲೇಖನಿಯನ್ನು ಕೆಳಗಿಟ್ಟಿದ್ದಾರೆ.