ಸೈ ಟ್ವಾಂಬ್ಲಿಯ ಚಿತ್ರಗಳಲ್ಲಿ ಇತಿಹಾಸದ ಸ್ವರೂಪ

ಗತಕಾಲದ ಘಟನೆಯನ್ನು ಚಿತ್ರಿಸಹೊರಟ ಕಲಾವಿದನು ತಾನು ಕಾಣದುದನ್ನು ಕಂಡವನಂತೆ ತೋರಿಸಬೇಕಾಗುತ್ತದೆ. ಐತಿಹಾಸಿಕ ಚಿತ್ರವೆಂಬ ಪ್ರಕಾರವು ಯೂರೋಪಿನಲ್ಲಿ ಬಹುಕಾಲ ಅತ್ಯುನ್ನತ ಸ್ಥಾನವನ್ನು ಪಡೆದಿದ್ದರೂ ಈ ತೊಡಕು ಅದನ್ನು ಬಿಡಲಿಲ್ಲ. ಫ್ರೆಂಚ್ ಚಿತ್ರಕಾರ ಜೆರೋಮನು 1872ರಲ್ಲಿ ರಚಿಸಿದ ‘ಪೊಲ್ಲಿಚೆ ವೆರ್ಸೊ’ ಇದಕ್ಕೆ ಉತ್ತಮ ನಿದರ್ಶನ. ರೋಮನ್ ಮಲ್ಲರ ಶಿರಸ್ತ್ರಾಣ, ಆಯುಧಗಳನ್ನು ಆತನು ಅತ್ಯಂತ ಶ್ರಮದಿಂದ ನಿರೂಪಿಸಿದ್ದಾನೆ. ಆದರೆ ಪ್ರೇಕ್ಷಕರು ಹೆಬ್ಬೆರಳನ್ನು ಕೆಳಮುಖ ಮಾಡಿ ಸೋತವನಿಗೆ ಮರಣವನ್ನು ವಿಧಿಸುವ ಭಂಗಿಗೆ ದೃಢವಾದ ಆಧಾರವಿಲ್ಲ. ಆ ಲ್ಯಾಟಿನ್ ಮಾತು ಹೆಬ್ಬೆರಳು ತಿರುಗಿತೆಂದು ಹೇಳುವುದೇ ಹೊರತು ಯಾವ ಕಡೆಗೆಂದು ಹೇಳುವುದಿಲ್ಲ. ಆದರೂ ಚಿತ್ರದ ಬಲದಿಂದ ಊಹೆಯೇ ಲೋಕದಲ್ಲಿ ಸತ್ಯವಾಗಿ ನಿಂತಿತು.

ಇದಕ್ಕೆ ತೀರ ವಿರುದ್ಧವಾದ ಮಾರ್ಗವನ್ನು ಹಿಡಿದವನು, ಇಟಲಿಯಲ್ಲಿ ನೆಲಸಿದ ಅಮೆರಿಕನ್ ಚಿತ್ರಕಾರ ಸೈ ಟ್ವಾಂಬ್ಲಿ (1928–2011). ಗ್ರೀಕ್ ಮತ್ತು ರೋಮನ್ ವಸ್ತುಗಳನ್ನು ಆತನು ಮತ್ತೆ ಮತ್ತೆ ಕೈಗೆತ್ತಿಕೊಂಡನು. ಆದರೆ ಆ ಪಟಗಳಲ್ಲಿ ರಾಜಸಭೆಯಿಲ್ಲ, ಸೈನ್ಯವಿಲ್ಲ, ಗುರುತಿಸಬಹುದಾದ ಮುಖವೊಂದೂ ಇಲ್ಲ. ಗೀಚು, ಅಳಿಸಿದ ಗುರುತು, ಬಣ್ಣದ ಹೆಪ್ಪು, ನಡುಗುವ ಕೈಯಿಂದ ಬರೆದಂತಿರುವ ಹೆಸರು ಇಷ್ಟೇ ಕಾಣುತ್ತವೆ. ಇವನ್ನು ಐತಿಹಾಸಿಕ ಚಿತ್ರಗಳೆಂದು ಕರೆಯಬಹುದೆ? ಕರೆಯಬಹುದೆಂಬುದೇ ಪ್ರಸ್ತುತ ಲೇಖನದ ಅಭಿಪ್ರಾಯ. ಏಕೆಂದರೆ ಆತನು ಚಿತ್ರಿಸುವುದು ಘಟನೆಯನ್ನಲ್ಲ. ಘಟನೆಯು ನಮ್ಮವರೆಗೆ ಬಂದು ಮುಟ್ಟಿದ ಬಗೆಯನ್ನು. ಆದರೆ ಈ ವಿಧಾನವು ಎಲ್ಲೆಡೆಯೂ ಸಮಾನವಾಗಿ ಸಫಲವಾಗಿಲ್ಲವೆಂಬುದನ್ನೂ ಹೇಳಬೇಕಾಗಿದೆ.

ಟ್ವಾಂಬ್ಲಿ ಹುಟ್ಟಿದ್ದು ವರ್ಜೀನಿಯಾ ಪ್ರಾಂತದ ಲೆಕ್ಸಿಂಗ್ಟನ್ನಿನಲ್ಲಿ. ಬ್ಲಾಕ್ ಮೌಂಟನ್ ಕಾಲೇಜಿನಲ್ಲಿ ಕೆಲಕಾಲ ವ್ಯಾಸಂಗ ಮಾಡಿ, 1952ರಲ್ಲಿ ಮಿತ್ರನಾದ ರಾಬರ್ಟ್ ರೌಶನ್‌ಬರ್ಗನೊಡನೆ ಇಟಲಿ ಮತ್ತು ಉತ್ತರ ಆಫ್ರಿಕಗಳಲ್ಲಿ ಸಂಚರಿಸಿದನು. ಅನಂತರ ಅಮೆರಿಕದ ಸೈನ್ಯದಲ್ಲಿ ಗುಪ್ತಲಿಪಿಯ ಕೆಲಸದಲ್ಲಿದ್ದನು. 1957ರಲ್ಲಿ ರೋಮಿಗೆ ಬಂದು ನೆಲಸಿ, 1959ರಲ್ಲಿ ಫ್ರಾಂಕೆಟ್ಟಿ ಮನೆತನದ ಕನ್ಯೆಯನ್ನು ವಿವಾಹವಾದನು. ಮುಂದೆ ಬಸ್ಸಾನೊ ಇನ್ ತೆವೆರೀನ ಮತ್ತು ಸಮುದ್ರತೀರದ ಗಾಯೆತ ಎಂಬ ಊರುಗಳಲ್ಲಿಯೂ ಕೆಲಸ ಮಾಡಿದನು. ಅಮೆರಿಕನ್ ಕಲೆಯ ಕೇಂದ್ರವು ನ್ಯೂಯಾರ್ಕಿನಲ್ಲಿ ಬಲಗೊಳ್ಳುತ್ತಿದ್ದ ಕಾಲದಲ್ಲಿಯೇ ಈತನು ಅದನ್ನು ಬಿಟ್ಟುಬಂದನೆಂಬುದು ಗಮನಾರ್ಹ.

ಇಟಲಿಯು ಆತನಿಗೆ ಕೊಟ್ಟುದೇನು? ರೋಮಿನಲ್ಲಿ ಗತಕಾಲವು ವಸ್ತುಸಂಗ್ರಹಾಲಯದೊಳಗೆ ಮಾತ್ರ ಉಳಿದಿಲ್ಲ. ಗೋಡೆಗಳ ಮೇಲೆ ಪದರಪದರವಾಗಿ ಬಿದ್ದಿದೆ. ಚಕ್ರವರ್ತಿಯ ಶಾಸನವೂ ದಾರಿಹೋಕನ ಗೀಚೂ ಒಂದೇ ಬಿಸಿಲಿನಲ್ಲಿ ಮಾಸುತ್ತವೆ. ಶಿಥಿಲ ಶಾಸನವನ್ನು ಓದಿ ಅಭ್ಯಾಸವುಳ್ಳವರಿಗೆ ಟ್ವಾಂಬ್ಲಿಯ ಪಟವು ಅಪರಿಚಿತವಾಗಿ ತೋರದು. ಅಲ್ಲೊಂದು ಅಕ್ಷರ, ಇಲ್ಲೊಂದು ಅರ್ಧ ಹೆಸರು, ನಡುವೆ ತ್ರುಟಿತ ಭಾಗ. ಓದುಗನು ತುಂಬಿಕೊಳ್ಳಬೇಕು, ಹಾಗೂ ತಾನು ತುಂಬಿದುದು ಎಷ್ಟೆಂಬ ಎಚ್ಚರವನ್ನೂ ಇಟ್ಟುಕೊಳ್ಳಬೇಕು.

1963ರಲ್ಲಿ ರೋಮಿನಲ್ಲಿ ರಚಿತವಾದ ‘ಕಮೋಡಸನನ್ನು ಕುರಿತ ಒಂಬತ್ತು ಪ್ರವಚನಗಳು’ ಎಂಬ ಚಿತ್ರಮಾಲಿಕೆಯನ್ನು ಮೊದಲು ಪರಿಶೀಲಿಸಬಹುದು. ಕಮೋಡಸನು ಮಾರ್ಕಸ್ ಅರೀಲಿಯಸನ ಮಗ. ಕ್ರಿ. ಶ. 180ರಿಂದ ಏಕಾಧಿಪತಿಯಾಗಿ ಆಳಿ, ತನ್ನನ್ನು ಹರ್ಕ್ಯುಲೀಸನೆಂದು ಕರೆದುಕೊಂಡು, ಮಲ್ಲರ ರಂಗಕ್ಕೆ ತಾನೇ ಇಳಿದು, 192ರ ಡಿಸೆಂಬರ್ 31ರಂದು ಕೊಲೆಯಾದನು. ಟ್ವಾಂಬ್ಲಿಯ ಒಂಬತ್ತು ಪಟಗಳಲ್ಲಿ ಬೂದುಬಣ್ಣದ ನೆಲದ ಮೇಲೆ ಎರಡೆರಡು ವರ್ಣಪಿಂಡಗಳಿವೆ. ಆರಂಭದಲ್ಲಿ ಅವು ಮೇಘದಂತೆ ಶಾಂತವಾಗಿದ್ದು, ಬರಬರುತ್ತ ಗಾಯಗಳಂತೆ ಒಡೆದು, ಕೊನೆಯ ಪಟದಲ್ಲಿ ಜ್ವಾಲೆಯಾಗಿ ಏಳುತ್ತವೆ. ನಡುವೆ ಹಾಯುವ ಗೆರೆಯೊಂದು ಈ ಉತ್ಪಾತಕ್ಕೆ ಅಳತೆಗೋಲಿನಂತಿದೆ.

1964ರಲ್ಲಿ ಇವು ನ್ಯೂಯಾರ್ಕಿನ ಲಿಯೊ ಕಸ್ತೆಲ್ಲಿಯ ಕಲಾಶಾಲೆಯಲ್ಲಿ ಪ್ರದರ್ಶಿತವಾದಾಗ ವಿಮರ್ಶಕರು ಪ್ರಸನ್ನರಾಗಲಿಲ್ಲ. ಶಿಲ್ಪಿಯೂ ವಿಮರ್ಶಕನೂ ಆದ ಡೊನಾಲ್ಡ್ ಜಡ್ ತೀವ್ರವಾಗಿ ಖಂಡಿಸಿದನು. ಅದೇ ವರ್ಷ ರೌಶನ್‌ಬರ್ಗನಿಗೆ ವೆನಿಸ್ಸಿನ ದ್ವೈವಾರ್ಷಿಕ ಪ್ರದರ್ಶನದ ಮಹಾಪ್ರಶಸ್ತಿ ದೊರೆಯಿತು. ಕಾಲವು ಯಾರ ಕಡೆಗಿತ್ತೆಂಬುದು ಇದರಿಂದ ಸ್ಪಷ್ಟ. 2007ರಲ್ಲಿ ಬಿಲ್ಬಾವೊ ನಗರದ ಗುಗ್ಗನ್‌ಹೈಮ್ ಸಂಗ್ರಹಾಲಯವು ಈ ಮಾಲಿಕೆಯನ್ನು ಕೊಂಡುಕೊಂಡಿತು. ಆದರೆ ಬೆಲೆ ಬಂದ ಮಾತ್ರಕ್ಕೆ ಆಕ್ಷೇಪವು ಪರಿಹಾರವಾಗದು. ಶೀರ್ಷಿಕೆಯನ್ನು ತೆಗೆದುಬಿಟ್ಟರೆ ಇವು ಕಮೋಡಸನ ಚಿತ್ರಗಳೆಂದು ಹೇಗೆ ತಿಳಿಯಬೇಕು? ನೀರೋವಿನವು ಏಕಾಗಬಾರದು? 1963ರಲ್ಲಿಯೇ ನಡೆದ ಅಧ್ಯಕ್ಷ ಕೆನಡಿಯ ಕೊಲೆಯನ್ನು ಇವುಗಳಲ್ಲಿ ಕಾಣುವವರೂ ಉಂಟು. ಕಾಲಸಾಮೀಪ್ಯವೊಂದೇ ಕಾರಣಸಂಬಂಧವನ್ನು ಸ್ಥಾಪಿಸಲಾರದು. ಆದರೂ ಅಂತಹ ಊಹೆಗೆ ಎಡೆಯಾಗುವುದೇ ಈ ಮಾಲಿಕೆಯು ತನ್ನ ವಸ್ತುವನ್ನು ಸಡಿಲವಾಗಿ ಹಿಡಿದಿದೆಯೆಂಬುದಕ್ಕೆ ಸಾಕ್ಷಿ. ಇನ್ನೊಂದು ಪಕ್ಷವನ್ನೂ ಹೇಳಬೇಕು. ಕಮೋಡಸನನ್ನು ನಾವು ಬಲ್ಲುದು ಬಹುಮಟ್ಟಿಗೆ ಆತನನ್ನು ದ್ವೇಷಿಸಿದವರ ಬರಹಗಳಿಂದ. ಅವರಲ್ಲಿ ಮುಖ್ಯನಾದ ಡಿಯೋ ಕ್ಯಾಸಿಯಸನು ಸ್ವತಃ ಸೆನೆಟಿನ ಸದಸ್ಯ, ಆ ಭಯದಲ್ಲಿ ಬದುಕಿದವನು. ಕ್ರೌರ್ಯದ ವಿವರವನ್ನು ಬಿಟ್ಟು ಭಯದ ಏರಿಳಿತವನ್ನು ಮಾತ್ರ ಉಳಿಸಿಕೊಂಡ ಚಿತ್ರಕಾರನು ಆಧಾರಗಳು ಹೇಳುವುದಕ್ಕಿಂತ ಹೆಚ್ಚನ್ನೇನೂ ಹೇಳಲಿಲ್ಲ.

ಈ ದೋಷವು ಸಂಪೂರ್ಣವಾಗಿ ನೀಗಿರುವುದು ‘ಇಲಿಯಮ್ಮಿನಲ್ಲಿ ಐವತ್ತು ದಿನಗಳು’ ಎಂಬ ಹತ್ತು ಪಟಗಳಲ್ಲಿ. ಬಸ್ಸಾನೊವಿನಲ್ಲಿ ರಚಿತವಾಗಿ 1978ರಲ್ಲಿ ಮುಗಿದ ಇವು ಈಗ ಫಿಲಡೆಲ್ಫಿಯ ಕಲಾಸಂಗ್ರಹಾಲಯದಲ್ಲಿವೆ. ಪೋಪ್ ಕವಿಯು ಹದಿನೆಂಟನೆಯ ಶತಮಾನದಲ್ಲಿ ಮಾಡಿದ ‘ಇಲಿಯಡ್’ ಅನುವಾದವು ಇವಕ್ಕೆ ಪ್ರೇರಣೆ. ಟ್ರಾಯ್ ನಗರದ ಹೆಸರಾದ ‘ಇಲಿಯಮ್’ ಎಂಬುದರಲ್ಲಿ ‘ಯು’ ಅಕ್ಷರದ ಬದಲು ಅಕಿಲೀಸನ ಮೊದಲಕ್ಷರವಾದ ‘ಎ’ಯನ್ನು ಟ್ವಾಂಬ್ಲಿ ಬುದ್ಧಿಪೂರ್ವಕವಾಗಿಯೇ ಇಟ್ಟನು. ಆ ಅಕ್ಷರವೇ ‘ಅಕಿಲೀಸನ ಪ್ರತೀಕಾರ’ ಎಂಬ ಪಟದಲ್ಲಿ ಕೆಂಪು ಮೊನೆಯ ಭಲ್ಲೆಯಂತೆ ಎದ್ದು ನಿಲ್ಲುತ್ತದೆ. ಇಲ್ಲಿ ಹೆಸರು ಚಿತ್ರಕ್ಕೆ ಹಚ್ಚಿದ ಚೀಟಿಯಲ್ಲ, ಹೆಸರೇ ಚಿತ್ರ. ಗ್ರೀಕ್ ವೀರರ ಹೆಸರುಗಳು, ಟ್ರಾಯ್ ವೀರರ ಹೆಸರುಗಳು, ಪ್ರಿಯಾಮನ ಮನೆತನದ ಹೆಸರುಗಳು ಪಟಗಳ ಮೇಲೆ ಬರೆಯಲ್ಪಟ್ಟಿವೆ. ಆ ವೀರರಲ್ಲಿ ನಮಗೆ ಉಳಿದಿರುವುದಾದರೂ ಹೆಸರಲ್ಲದೆ ಮತ್ತೇನು? ಒಂದು ಪಟದಲ್ಲಿ ಅಕಿಲೀಸ್, ಪೆಟ್ರೊಕ್ಲಸ್, ಹೆಕ್ಟರ್ ಇವರ ಛಾಯೆಗಳು ಮೂರು ಮೇಘಗಳಂತೆ ಸಾಲಾಗಿ ನಿಂತಿವೆ. ಕೊಂದವನೂ ಕೊಲೆಯಾದವನೂ ಒಂದೇ ಸಾಲಿನಲ್ಲಿರುವ ಈ ಪಟವೇ ಮಾಲಿಕೆಯ ಹೃದಯ. ಆದರೂ ಎರಡು ಪಕ್ಷಗಳ ಭೇದವನ್ನು ಚಿತ್ರಕಾರನು ಅಳಿಸಿಲ್ಲ.

2001ರ ವೆನಿಸ್ ಪ್ರದರ್ಶನಕ್ಕಾಗಿ ರಚಿತವಾದ, ಈಗ ಮ್ಯೂನಿಕ್ಕಿನ ಬ್ರಾಂಡ್‌ಹೋರ್ಸ್ಟ್ ಸಂಗ್ರಹಾಲಯದಲ್ಲಿರುವ ‘ಲೆಪಾಂಟೊ’ ಮಾಲಿಕೆಯಲ್ಲಿ ಹನ್ನೆರಡು ಪಟಗಳಿವೆ. 1571ರ ಅಕ್ಟೋಬರ್ 7ರಂದು ಸ್ಪೇನ್, ವೆನಿಸ್ ಮತ್ತು ಪೋಪರ ಕೂಟವು ತುರ್ಕಿಯ ನೌಕಾಬಲವನ್ನು ಸೋಲಿಸಿದ ಯುದ್ಧವೇ ವಸ್ತು. ವೆರೊನೀಸೆಯಂತಹ ವೆನಿಸ್ಸಿನ ಹಿಂದಿನ ಚಿತ್ರಕಾರರು ಇದನ್ನು ದೈವಾನುಗ್ರಹದ ವಿಜಯವೆಂದು ಕೊಂಡಾಡಿದ್ದರು. ಆದರೆ ಎರಡೇ ವರ್ಷಗಳಲ್ಲಿ, 1573ರ ಒಪ್ಪಂದದಲ್ಲಿ, ವೆನಿಸ್ ಸೈಪ್ರಸ್ಸನ್ನು ತುರ್ಕರಿಗೆ ಬಿಟ್ಟುಕೊಟ್ಟಿತು. ಟ್ವಾಂಬ್ಲಿಯು ಧ್ವಜವನ್ನೂ ದೇವದೂತರನ್ನೂ ಬಿಟ್ಟು ಉರಿಯುವ ನಾವೆಗಳನ್ನಷ್ಟೇ ಬರೆದುದು ಆ ಹಳೆಯ ಉತ್ಸಾಹಕ್ಕೆ ತಕ್ಕ ಉತ್ತರ. ಆದರೆ ಯಾರ ನಾವೆ, ಯಾರ ಸಾವು ಎಂಬ ಪ್ರಶ್ನೆ ಇಲ್ಲಿ ವರ್ಣದ ಸೊಬಗಿನಲ್ಲಿ ಕರಗಿಹೋಗುತ್ತದೆ. ಕೆಂಪು, ಹಳದಿಗಳು ಕಣ್ಣನ್ನು ಸೆಳೆದಷ್ಟು ಮನಸ್ಸನ್ನು ತಡೆದು ನಿಲ್ಲಿಸುವುದಿಲ್ಲ. ಸಹಸ್ರಾರು ಜನ ಸತ್ತ ದಿನವು ಸೂರ್ಯಾಸ್ತದಂತೆ ಕಾಣುವುದಾದರೆ ಇತಿಹಾಸಕಾರನು ಅದನ್ನು ಸುಮ್ಮನೆ ಒಪ್ಪಲಾರನು.

ಒಟ್ಟಿನಲ್ಲಿ, ಹೆಸರನ್ನು ಬಿಗಿಯಾಗಿ ಹಿಡಿದಲ್ಲಿ ಟ್ವಾಂಬ್ಲಿ ಗೆದ್ದಿದ್ದಾನೆ. ಅದನ್ನು ಬಿಟ್ಟು ಬಣ್ಣಕ್ಕೆ ಒಲಿದಲ್ಲಿ ಸೋತಿದ್ದಾನೆ. ಜೆರೋಮನು ತಿಳಿಯದುದನ್ನೂ ತಿಳಿದಂತೆ ತೋರಿದನು. ಟ್ವಾಂಬ್ಲಿಯ ಅಪಾಯವು ತಿಳಿದುದನ್ನೂ ಮರೆಸಿಬಿಡುವುದು. ಈ ಎರಡರ ನಡುವೆ ‘ಇಲಿಯಮ್’ ಪಟಗಳು ನಿಂತಿವೆ. ಉಳಿದಿರುವುದೆಷ್ಟೋ ಅಷ್ಟನ್ನೇ ಹೇಳಿ, ಅಳಿದುದಕ್ಕೆ ಬರಿಯ ಜಾಗವನ್ನು ಬಿಡುವ ಸಂಯಮವು ಅವುಗಳಲ್ಲಿದೆ. ಅದು ಚಿತ್ರಕಾರನಿಗೆ ಮಾತ್ರವಲ್ಲ, ಇತಿಹಾಸವನ್ನು ಬರೆಯುವವರಿಗೂ ಬೇಕಾದ ಗುಣ.